ಎಣ್ಣೆ ಒಂದು ಚಮಚ

ಡಯಟ್ ಚಾರ್ಟ್ ರಾಣೆಬೆನ್ನೂರಿನ ಡಾಕ್ಟರರದು, ಹೊಟ್ಟೆ ನನ್ನದು. ರಾತ್ರಿಗೆ ಚರ್ಮ ತೆಗೆದ ಕೋಳಿ 150 ಗ್ರಾಂ, ಬೇಯಿಸಿದ ತರಕಾರಿ, ಎಣ್ಣೆ ಒಂದು ಚಮಚ. ಹೆಂಡತಿ ಆ ಹಾಳೆಯನ್ನು ಅಡುಗೆಮನೆ ಗೋಡೆಗೆ ಅಂಟಿಸಿ ತವರಿಗೆ ಹೋದಳು.

ಹಾವೇರಿ ಪೇಟೆಯ ಕೋಳಿ ಅಂಗಡಿಯಲ್ಲಿ, "ಎದಿ ಭಾಗ ಅಷ್ಟ ಕೊಡ್ರಿ, 150 ಗ್ರಾಂ" ಅಂದೆ. ಕತ್ತಿ ಎತ್ತಿದವನು ಹಾಗೇ ನಿಂತ.

"ಬೆಕ್ಕಿಗೇನ್ರಿ ಸರ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನನ್ನ ಹೊಟ್ಟೆ ನೋಡಿದರು. ಹೌದು, ಬೆಕ್ಕಿಗೇ ಅಂದುಬಿಟ್ಟೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಗಜ್ಜರಿ, ಬೀನ್ಸು, ಹೂಕೋಸಿನ ಜತೆ ಕುಕ್ಕರಿಗೆ ಹಾಕಿ ಎರಡು ಸೀಟಿ ಹೊಡೆಸಿದೆ. ಮುಚ್ಚಳ ತೆಗೆದರೆ ಎಲ್ಲವೂ ಬಿಳಿಚಿಕೊಂಡು ಕೂತಿತ್ತು. ಅವ್ವ ಇಣುಕಿ ನೋಡಿ, "ಯಾರದಪಾ ಬಾಣಂತನ?" ಅಂದಳು.

ಇಪ್ಪತ್ತು ವರ್ಷ ಬ್ಯಾಡಗಿಯ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಲೆಕ್ಕ ಬರೆದವನು ನಾನು, ಸುಮ್ಮನಿರಲಾಗಲಿಲ್ಲ. 2011ರಲ್ಲೇ ಭೌಗೋಳಿಕ ಗುರುತು ಪಡೆದ ಕಾಯಿ ಅದು. ಬಣ್ಣ ಬಹಳ, ಖಾರ ಕಡಿಮೆ. ಅದರ ಕೆಂಪನ್ನು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. ತುಟಿಗೆ ಹಚ್ಚಿಕೊಳ್ಳುವುದು ಹೊಟ್ಟೆಗೇನು ಮಾಡೀತು? ಬ್ಯಾಡಗಿಯ ಡಬ್ಬಿ ತಳಿಯ ಕಾಯಿಯ ಪುಡಿ ಧಾರಾಳವಾಗಿ ಸುರಿದೆ. ಪುಡಿ ನೀರಿನ ಮೇಲೆ ತೇಲಿತು, ಕೋಳಿ ಬೆಳ್ಳಗೇ ಉಳಿಯಿತು.

ಬ್ಯಾಡಗಿಯ ಕೆಂಪು ಬಿಡುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಇದನ್ನು ಕಂಡಕಂಡವರಿಗೆ ಹೇಳಿಕೊಂಡು ತಿರುಗುವವನೂ ನಾನೇ! ಬಾಣಲೆಗೆ ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟೆ, ತಳವೂ ತೋಯಲಿಲ್ಲ. ಚಾರ್ಟನ್ನು ಮತ್ತೊಮ್ಮೆ ಓದಿದೆ. ಎಷ್ಟು ದೊಡ್ಡ ಚಮಚ ಎಂದು ಎಲ್ಲೂ ಬರೆದಿರಲಿಲ್ಲ. ಅವ್ವನ ಸಾರಿನ ಸೌಟೂ ಜಾತಿಯಲ್ಲಿ ಚಮಚವೇ ತಾನೆ?

ಕಾದ ಎಣ್ಣೆಗೆ ಪುಡಿ ಬಿದ್ದದ್ದೇ ತಡ, ಬಾಣಲೆಯಲ್ಲಿ ಹೊತ್ತು ಮುಳುಗಿದಂತಾಯಿತು. ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಅವ್ವ ಒಂದು ಮಾತಾಡಲಿಲ್ಲ, ಜೋಳದ ಹಿಟ್ಟಿನ ಡಬ್ಬಿ ಇಳಿಸಿದಳು. ರೊಟ್ಟಿ ಬಡಿಯುವ ಸದ್ದು ಕೇಳಿದ ಮೇಲೆ ಡಾಕ್ಟರರ ಮುಖ ನೆನಪಿಗೆ ಬರುವುದಿಲ್ಲ. 150 ಗ್ರಾಮಿಗೆ ನಾಲ್ಕು ರೊಟ್ಟಿ ಹೋದವು. ತಟ್ಟೆಗಂಟಿದ ಎಣ್ಣೆ ಒರೆಸಲು ಐದನೆಯದು.

ರಾತ್ರಿ ಹೆಂಡತಿಯ ಫೋನು. "ಊಟ ಆತೇನ್ರಿ? ಹಗುರ ಉಂಡ್ರಿಲ್ಲೋ?"

"ಬೆಕ್ಕು ಉಂಡಷ್ಟ ಉಂಡೆ."

ಮರುದಿನ ಬಂದವಳು ಚಾರ್ಟಿನ ಮುಂದೆ ನಿಂತಳು. 'ಎಣ್ಣೆ' ಎಂಬಲ್ಲಿ ನನ್ನ ಬೆರಳಿನ ಕೆಂಪು ಗುರುತು, ಗೆರೆಗೆರೆಯೂ ಎಣಿಸುವಷ್ಟು ಸ್ಪಷ್ಟ.

"ತಪ್ಪೊಪ್ಪಿಗಿಗೆ ಹೆಬ್ಬೆಟ್ಟು ಒತ್ತೀರೇನ್ರಿ?"

ಒದ್ದೆ ಬಟ್ಟೆ ತಂದು ತಿಕ್ಕಿದೆ. ಹೇಳಿದೆನಲ್ಲ, ನೀರಿಗೆ ಬಿಡುವ ಬಣ್ಣವಲ್ಲ ಅದು.