ಹದಿನಾರು ಜೇಬಿನ ಚೀಲದವರಿಗೆ

ಚೀಲ ತಯಾರಕ ಮಹಾಶಯರಿಗೆ,


ತಾವು ಕಳಿಸಿದ ಡಯಾಪರ್ ಬ್ಯಾಗು ಬಂದು ಮುಟ್ಟಿದೆ. ಬೆಲೆ 2,999 ರೂಪಾಯಿ. ಮನೆಯಲ್ಲಿ ಒಂಬೈನೂರು ಎಂದು ಹೇಳಿದ್ದೇನೆ. ಈ ಪತ್ರ ನಮ್ಮ ಅವ್ವನ ಕಣ್ಣಿಗೆ ಬೀಳದಿದ್ದರೆ ಊರ ವೀರಭದ್ರ ದೇವರಿಗೆ ಜೋಡು ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಿದ್ದೇನೆ.

ಚೀಲ ಚೆಂದ ಇದೆ, ಸುಳ್ಳು ಯಾಕೆ ಹೇಳಲಿ. ಬೂದು ಬಣ್ಣ, ಕಂದು ಪಟ್ಟಿ, ಹೊಳೆಯುವ ಕೊಂಡಿ. ಬಿದರಿ ಹೂಜಿಯ ಪಕ್ಕ ಇಟ್ಟರೂ ತಲೆ ತಗ್ಗಿಸುವುದಿಲ್ಲ. ಅವ್ವ ಮಾತ್ರ ಒಂದು ಸಲ ಎತ್ತಿ ನೋಡಿ ಕೆಳಗಿಟ್ಟಳು: "ಖಾಲಿ ಚೀಲಾನೇ ಇಷ್ಟ ವಜ್ಜಿ ಅದ. ಇನ್ನ ಕೂಸಿನ್ನ ಹೊರೋರು ಯಾರು?"

ಜಾಹೀರಾತಿನಲ್ಲಿ ಹದಿನಾರು ಜೇಬು ಎಂದಿದ್ದಿರಿ. ನಾನು ಎಣಿಸಿದಾಗ ಹದಿನೈದೇ ಸಿಕ್ಕವು. ಹದಿನಾರನೆಯದು ಹದಿನೈದನೆಯದರ ಹೊಟ್ಟೆಯೊಳಗಿತ್ತು. ಮೂರು ದಿನ ಬಿಟ್ಟು, ಕಳೆದೇ ಹೋಯಿತೆಂದು ಬದಲಿಗೆ ಹೊಸದು ಕೊಂಡಾಗಿದ್ದ ಕಾಡಿಗೆ ಡಬ್ಬಿಯ ಸಮೇತ ಪತ್ತೆಯಾಯಿತು. ಒಳಗಿನ ಅಸ್ತರಿಗೆ ಕಪ್ಪು ಬಟ್ಟೆ ಹಾಕಿದ ಪುಣ್ಯಾತ್ಮರು ಯಾರು? ರಾತ್ರಿ ಕರೆಂಟು ಹೋದಾಗ ಒಮ್ಮೆ ಅದರೊಳಗೆ ಕೈ ಹಾಕಿ ಕುಂಚಿಗೆ ಹುಡುಕಲಿ, ಸಾಕು.

ಮುಂದಿನ ಜೇಬಿನ ಮೇಲೆ ಹಾಲಿನ ಬಾಟ್ಲಿಯ ಕಸೂತಿ ಇದೆ. ಮುದ್ದಾಗಿದೆ. ಆದರೆ ಶಿಶು ಆಹಾರದ ಡಬ್ಬಿ, ಹಾಲಿನ ಬಾಟ್ಲಿಗಳ ಜಾಹೀರಾತೇ ಕೂಡದೆಂದು ಈ ದೇಶದಲ್ಲಿ 1992ರ ಕಾಯ್ದೆ ಇದೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂದು ಆಶಾ ಕಾರ್ಯಕರ್ತೆ ಮನೆ ಮನೆಗೆ ಹೇಳಿ ಹೋಗುತ್ತಾಳೆ. ಆಕೆ ಬಂದಾಗಲೆಲ್ಲ ನಾವು ಚೀಲವನ್ನು ಗೋಡೆಗೆ ಮುಖ ಮಾಡಿ ಇಡುತ್ತೇವೆ.

ಇಷ್ಟೆಲ್ಲ ಮನೆಯೊಳಗಿನ ಮಾತು. ಚೀಲದ ನಿಜವಾದ ಪರೀಕ್ಷೆ ಬಸ್ಸಿನಲ್ಲಿ ನಡೆಯಿತು.

ಬಸವಕಲ್ಯಾಣಕ್ಕೆ, ಮಾವನ ಮನೆಗೆ ಹೊರಟಿದ್ದೆವು. ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಗೆ ಮುಗಿಬಿದ್ದರು. ಒಬ್ಬ ಟಾವೆಲ್ ಎಸೆದ, ಇನ್ನೊಬ್ಬಾಕೆ ಮೊಮ್ಮಗನನ್ನೇ ಕಿಟಕಿಯೊಳಗೆ ತೂರಿಸಿದಳು. ನಾನು ನಿಮ್ಮ ಚೀಲ ಒಗೆದೆ. ಅದರ ಗತ್ತು ನೋಡಿ ಯಾರೂ ಮುಟ್ಟಲಿಲ್ಲ, ಸೀಟು ಸಿಕ್ಕಿತು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ, ಹಾಗಾಗಿ ನನ್ನ ಹೆಂಡತಿಗೂ, ಟಿಕೆಟ್ ಪುಕ್ಕಟೆ, ಚೀಲದ ಲಗೇಜನ್ನು ಕಂಡಕ್ಟರ್ ಕೇಳಲಿಲ್ಲ, ಒಟ್ಟು ಸಂಸಾರದಲ್ಲಿ ರೊಕ್ಕ ಕೊಟ್ಟವನು ನಾನೊಬ್ಬನೇ. ಸ್ಟ್ರೋಲರಿಗೆ ಸಿಕ್ಕಿಸಲೆಂದು ಎರಡು ಕೊಕ್ಕೆ ಕೊಟ್ಟಿದ್ದೀರಲ್ಲ, ನಮ್ಮ ಓಣಿಯಲ್ಲಿ ತಳ್ಳುಗಾಡಿ ಎಂದರೆ ಬಾಳೆಹಣ್ಣಿನದು. ಆದರೆ ಆ ಕೊಕ್ಕೆಗಳು ಮುಂದಿನ ಸೀಟಿನ ಸರಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಅಲ್ಲಿಯತನಕ ನಾನು ನಿಮ್ಮ ಅಭಿಮಾನಿಯಾಗಿದ್ದೆ.

ಅರ್ಧ ದಾರಿಯಲ್ಲಿ ಕೂಸು ತನ್ನ ಕೆಲಸ ಮುಗಿಸಿತು.

ಮಡಚುವ ಚಾಪೆ ಕೊಟ್ಟಿದ್ದೀರಿ, ಹಾಸಲು ಜಾಗ ಕೊಟ್ಟಿಲ್ಲ. ನನ್ನ ತೊಡೆಯ ಮೇಲೇ ಹಾಸಿದೆವು. ಹೆಂಡತಿ ಒಂದು ಕೈಯಲ್ಲಿ ಕೂಸಿನ ಎರಡೂ ಕಾಲು ಎತ್ತಿ ಹಿಡಿದಳು, ನಾನು ಎರಡೂ ಕೈಯಲ್ಲಿ ಕೂಸಿನ ತಲೆ ಮತ್ತು ನನ್ನ ಮಾನ ಹಿಡಿದುಕೊಂಡೆ. ಉಳಿದದ್ದು ಒಂದೇ ಕೈ. ನಿಮ್ಮ ಜಿಪ್ಪಿಗೋ ಎರಡು ಬೇಕು, ಎಳೆಯಲು ಒಂದು, ಚೀಲ ಬಿಗಿಹಿಡಿಯಲು ಇನ್ನೊಂದು. ಕೊನೆಗೆ ಆಕೆ ಹಲ್ಲಿನಿಂದ ಎಳೆದಳು. ಇನ್ನು ಬಿಚ್ಚಿದ್ದನ್ನು ಎಲ್ಲಿಡುವುದು? ಸನ್‌ಗ್ಲಾಸಿಗೆ ಜೇಬಿದೆ, ಬೀಗದ ಕೈಗೆ ಜೇಬಿದೆ, ಹಸಿಯಾದದ್ದಕ್ಕೆ ಹದಿನಾರರಲ್ಲಿ ಒಂದೂ ಇಲ್ಲ. ಪಕ್ಕದ ಸೀಟಿನ ಆಯಿ ತನ್ನ ಹಸಿಮೆಣಸಿನಕಾಯಿಯನ್ನು ಸೆರಗಿಗೆ ಸುರುವಿಕೊಂಡು ಖಾಲಿ ಕ್ಯಾರಿಬ್ಯಾಗ್ ಚಾಚಿದಳು: "ಇದ್ರಾಗ ಹಾಕು ತಮ್ಮಾ. ಅಷ್ಟ್ ದೊಡ್ಡ ಚೀಲ ತಂದು ಏನ್ ಮಾಡ್ಲತ್ತಿ?"

ನಿಮಗಿಂತ ಮೊದಲು ಬಾಣಂತಿ, ಕೂಸಿನ ಸಾಮಾನು ಒದಗಿಸುವ ಕೆಲಸಕ್ಕೆ ಕೈ ಹಾಕಿದ್ದು ನಮ್ಮ ಸರಕಾರ. 2007ರಲ್ಲಿ ಬಂದ ಮಡಿಲು ಯೋಜನೆಯಲ್ಲಿ, ಸರಕಾರಿ ದವಾಖಾನೆಯಲ್ಲಿ ಹೆತ್ತ ಬಡ ಬಾಣಂತಿಯರಿಗೆ ಎರಡು ಹೆರಿಗೆಯವರೆಗೆ 19 ಸಾಮಾನಿನ ಕಿಟ್ ಕೊಡುತ್ತಿದ್ದರು. ಸೊಳ್ಳೆಪರದೆ, ಕೂಸಿನ ಹಾಸಿಗೆ, ಅದರ ಕೆಳಗೆ ರಬ್ಬರ್ ಶೀಟು, ಸ್ವೆಟರು, ಟೋಪಿ, ತಾಯಿಗೆ ಹೊಟ್ಟೆ ಕಟ್ಟುವ ಬಟ್ಟೆ, ತಲೆಗೆ ಕೊಬ್ಬರಿ ಎಣ್ಣೆ. ಸ್ಟೈಲ್ ಎಂಬ ಮಾತೇ ಇಲ್ಲ, ಆದರೆ ಹೊಟ್ಟೆ ಕಟ್ಟುವ ಬಟ್ಟೆಯನ್ನು ಪಟ್ಟಿಗೆ ಬರೆಸಿದವರ ಪಕ್ಕ ಹೆತ್ತವಳೊಬ್ಬಳು ಕೂತಿರಲೇಬೇಕು. ಜಹೀರಾಬಾದಿನ ದಾರಿ ಹಿಡಿದು ಗಡಿ ದಾಟಿದರೆ ತೆಲಂಗಾಣ, ಅವರೂ 2017ರಲ್ಲಿ 16 ಸಾಮಾನಿನ ಕಿಟ್ ಶುರು ಮಾಡಿದರು, ಆಗಿನ ಮುಖ್ಯಮಂತ್ರಿಯ ಹೆಸರಿಟ್ಟು. ಫಿನ್ಲೆಂಡ್‌ನಲ್ಲಿ 1938ರಿಂದ ಕೊಡುವ ರಟ್ಟಿನ ಪೆಟ್ಟಿಗೆಯಂತೂ ಸಾಮಾನು ತೆಗೆದ ಮೇಲೆ ಕೂಸಿಗೇ ಹಾಸಿಗೆಯಾಗುತ್ತದೆ. ಅದು ಕೇಳಿ, ಇದರಲ್ಲಿ ಹೊಸದೇನಿದೆ ಎಂದು ಅವ್ವ ನಕ್ಕಳು. ನಮ್ಮ ಕಡೆ ಜಂಗಮರು ಭಿಕ್ಷೆಗೆ ಹೆಗಲಿಗೆ ಹಾಕುವುದೂ ಜೋಳಿಗೆ, ಹೊಲದಲ್ಲಿ ಬೇವಿನ ಟೊಂಗೆಗೆ ಸೀರೆ ಕಟ್ಟಿ ಕೂಸನ್ನು ತೂಗುವುದೂ ಜೋಳಿಗೆ. ಎರಡಕ್ಕೂ ಜಿಪ್ಪಿಲ್ಲ.

ಚೀಲ ವಾಪಸ್ ಕಳಿಸುವುದಿಲ್ಲ, ಹೆದರಬೇಡಿ. ಸೀಟು ಹಿಡಿಯಲು ಬೇಕು. ಆದರೆ ಮುಂದಿನದನ್ನು ಹೊಲಿಸುವಾಗ ಖಾಲಿ ಚೀಲವನ್ನು ಒಮ್ಮೆ ತೂಗಿಸಿ. ಒಂದೇ ಕೈಗೆ ತೆರೆಯುವ ಅಗಲ ಬಾಯಿ, ಬಿಳಿ ಅಸ್ತರು, ಹಸಿ ಬಟ್ಟೆಗೆ ಸೋರದ ಒಂದು ರೆಗ್ಜಿನ್ ಜೇಬು ಇರಲಿ. ಪಟ್ಟಿ ಗಂಡಸಿನ ಹೆಗಲಿಗೂ ಸಾಲುವಷ್ಟು ಉದ್ದವಿರಲಿ, ಚೀಲ ಹೆಂಗಸರದೆಂದು ನುಣುಚಿಕೊಳ್ಳುವ ನನ್ನಂಥವರಿಗೆ ನೆಪ ಸಿಗದಂತೆ.

ಇನ್ನೊಂದು. ಆರು, ಹತ್ತು, ಹದಿನಾಲ್ಕು ವಾರಕ್ಕೆ, ಆಮೇಲೆ ಒಂಬತ್ತು ತಿಂಗಳಿಗೆ ಲಸಿಕೆಗೆಂದು ಹೋದಾಗ ಸಿಸ್ಟರ್ ಮೊದಲು ಕೇಳುವುದು ತಾಯಿ ಕಾರ್ಡ್. ಅದು ನಿಮ್ಮ ಯಾವ ಜೇಬಿಗೂ ಹಿಡಿಸುವುದಿಲ್ಲ. ನಾವು ಮಡಚಿ ಮಡಚಿ, ನಡುವಿನ ಗೆರೆಯಲ್ಲಿ ಕೂಸಿನ ತೂಕ ಬರೆದ ಅಂಕಿ ಅಳಿಸಿಹೋಗಿದೆ. ದಯವಿಟ್ಟು ಆ ಕಾರ್ಡಿನ ಅಳತೆ ತರಿಸಿಕೊಂಡು, ಅದಕ್ಕೊಂದು ಜೇಬು ಹೊಲಿಸಿ.

ಇತಿ ತಮ್ಮ ವಿಶ್ವಾಸಿ,
ಕೂಸಿನ ಅಪ್ಪ
ಹುಮನಾಬಾದ್