ಆಡಳಿತದ ವರ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಮಹಾಸಭೆಯ ದಿನ ಊಟಕ್ಕೆ ಮೊದಲೇ ಜಾಗ ಖಾಲಿ ಮಾಡದ ತಪ್ಪಿಗೋ, ಯಾರೋ ನಿಮ್ಮ ಹೆಸರು ಸೂಚಿಸಿದಾಗ ಸರಿಯಾಗಿ ಅದೇ ಹೊತ್ತಿಗೆ ಕೆಮ್ಮು ಬಂದು ಬೇಡವೆನ್ನಲಾಗದ್ದಕ್ಕೋ, ಈಗ ನೀವು ಸಭೆಯ ಕಾರ್ಯದರ್ಶಿ. ಜೊತೆಗೆ ಒಂದು ಬೀಗದ ಕೈ ಗೊಂಚಲು, ಕೆಲವು ರಿಜಿಸ್ಟರು, ಒಂದು ರಬ್ಬರ್ ಸ್ಟಾಂಪು ಮತ್ತು ಒಣಗಿದ ಇಂಕ್ ಪ್ಯಾಡು ನಿಮ್ಮ ಕೈ ಸೇರಿರಬೇಕು. ಸೇರಿಲ್ಲವಾದರೆ ಹಳೆಯ ಕಾರ್ಯದರ್ಶಿಗಳ ಮನೆಯ ಅಟ್ಟದಲ್ಲಿ ವಿಚಾರಿಸಿ. ಆಡಳಿತದ ವರವನ್ನು ಮಾತ್ರ ಈ ಸಾಮಾನಿನ ನಡುವೆ ಹುಡುಕಬೇಡಿ. ಮಹಾಸಭೆಗೆ ಕೊಡಲು ಆಗುವುದು ಹುದ್ದೆ. ವರ ಕೊಡುವವನು ಬೇರೆ.

ಪರಿಚಯ

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯ, 28ನೆಯ ವಚನ ತೆಗೆಯಿರಿ. ಅಪೊಸ್ತಲರು, ಪ್ರವಾದಿಗಳು, ಉಪದೇಶಕರು, ಮಹತ್ಕಾರ್ಯ, ರೋಗ ಗುಣಪಡಿಸುವ ವರ, ಪರಸಹಾಯ ಎಲ್ಲ ಆದ ಮೇಲೆ ಆಡಳಿತದ ಸರದಿ. ಅದರ ಹಿಂದೆ ಉಳಿದಿರುವುದು ಅನ್ಯಭಾಷೆ ಒಂದೇ. ಅನ್ಯಭಾಷೆಯ ವರ ಬೇಕೆಂದು ಉಪವಾಸ ಪ್ರಾರ್ಥನೆ ಇಡುವವರುಂಟು. ವೋಚರುಗಳನ್ನು ತಾರೀಖಿನ ಪ್ರಕಾರ ಜೋಡಿಸುವ ಶಕ್ತಿ ಕೊಡು ಕರ್ತನೇ ಎಂದು ಒಂದು ಹೊತ್ತಿನ ಕಾಫಿ ಬಿಟ್ಟವರನ್ನೂ ನಾನು ಕಾಣೆ.

ಈ ವರದ ಸ್ವಭಾವವೇ ಹಾಗೆ, ಸರಿಯಾಗಿ ನಡೆದಾಗ ಕಾಣುವುದಿಲ್ಲ. ಬಾಸೆಲ್ ಮಿಶನ್ನಿನ ಕಥೆಯನ್ನೇ ನೋಡಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ ಮೋಗ್ಲಿಂಗ್ ನಮಗೆ ಗೊತ್ತು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನ ಕಿಟೆಲ್ ಗೊತ್ತು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಆ ಗ್ರಂಥಕ್ಕೆ ಕಾಗದ ತರಿಸಿದವರು, ಅದು ಮಳೆಗಾಲದಲ್ಲಿ ತೇವ ಹೀರದ ಹಾಗೆ ನೋಡಿಕೊಂಡವರು, ಅಚ್ಚಿನ ಮನೆಯ ಸಂಬಳ ಬಟವಾಡೆ ಮಾಡಿದವರು ಯಾರೆಂದು ಕೇಳಿದರೆ ಎಲ್ಲರೂ ಗೋಡೆ ನೋಡುತ್ತಾರೆ. ಗೋಡೆಯ ಮೇಲೂ ಅವರ ಫೋಟೊ ಇರುವುದಿಲ್ಲ.

ಚಾಲನೆಗೆ ಮುನ್ನ

ಸಮಿತಿ ಕರೆಯುವ ಮೊದಲು ಗೋಡೆ ನೋಡಿಕೊಂಡು ಬನ್ನಿ. ನೆಹೆಮೀಯ ಮಾಡಿದ್ದು ಅದನ್ನೇ. ಯೆರೂಸಲೇಮಿಗೆ ಬಂದವನು ಮೂರು ದಿನ ಸುಮ್ಮನಿದ್ದು, ರಾತ್ರಿ ಎದ್ದು ಕೆಲವೇ ಜನರೊಡನೆ ಬಿದ್ದ ಗೋಡೆಯ ಸುತ್ತ ಹೋಗಿ, ಆಮೇಲೆ ಬಾಯಿ ತೆರೆದ. 52 ದಿನಗಳಲ್ಲಿ ಗೋಡೆ ಎದ್ದಿತು. ಅವನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದುವ ಸರದಿ ಬಂದರೆ ನಾವು ಹೆಸರುಗಳ ಗುಡ್ಡ ಎಂದು ಗೊಣಗುತ್ತೇವೆ. ನಿಜಕ್ಕೂ ಅದು ಬೈಬಲ್ಲಿನ ಅತ್ಯುತ್ತಮ ಮಿನಿಟ್ಸ್ ಪುಸ್ತಕ. ಅಕ್ಕಸಾಲಿಗರು ಇಷ್ಟು ಕಟ್ಟಿದರು, ಸುಗಂಧದ್ರವ್ಯ ಮಾಡುವವರು ಅಷ್ಟು ಕಟ್ಟಿದರು, ಶಲ್ಲೂಮ ಎಂಬವನ ಜೊತೆ ಅವನ ಹೆಣ್ಣುಮಕ್ಕಳೂ ಕಟ್ಟಿದರು. ತೆಕೋವದವರು ಕಟ್ಟಿದರು, ಅವರ ದೊಡ್ಡಮನುಷ್ಯರು ಮಾತ್ರ ಹೆಗಲು ಕೊಡಲಿಲ್ಲ. ಕೆಲಸ ಮಾಡದವರನ್ನೂ ಬರೆದಿಟ್ಟ ಆ ಧೈರ್ಯ ನಮ್ಮ ಮಿನಿಟ್ಸಿಗೆ ಇನ್ನೂ ಬಂದಿಲ್ಲ. ನಮ್ಮಲ್ಲಿ ಎಲ್ಲರೂ ‘ಸಹಕರಿಸಿದರು’.

ದೂರು ಬಂದಾಗ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಬಳಸಿ. ದಿನದ ಊಟ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಾರೆಂದು ಗ್ರೀಕ್ ಮಾತಾಡುವವರು ಗೊಣಗಿದರು. ಹನ್ನೆರಡು ಮಂದಿ ಅಪೊಸ್ತಲರು ಇದನ್ನು ಪರಿಶೀಲಿಸಲು ಉಪಸಮಿತಿ ಮಾಡಲಿಲ್ಲ. ಒಳ್ಳೆಯ ಹೆಸರಿರುವ, ಆತ್ಮಭರಿತರೂ ಜ್ಞಾನಿಗಳೂ ಆದ ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿಬಂದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರಿದವರ ಕೈಗೇ ಬಡಿಸುವ ಸೌಟು ಕೊಟ್ಟಂತಾಯಿತು. ಊಟ ಹಂಚಲಿಕ್ಕೆ ಆತ್ಮಭರಿತರು ಯಾಕೆ ಎಂದು ಕೇಳುವವರು ಒಮ್ಮೆಯಾದರೂ ಕ್ರಿಸ್ಮಸ್ ಊಟದಲ್ಲಿ ಬಿರಿಯಾನಿಯ ಪಾತ್ರೆಯ ಮುಂದೆ ನಿಂತು, ಕೊನೆಯ ಸಾಲಿನವರಿಗೂ ಒಂದೊಂದು ಪೀಸ್ ಉಳಿಸಿ ತೋರಿಸಬೇಕು. ಐದು ಸಾವಿರ ಜನರಿಗೆ ರೊಟ್ಟಿ ಹಂಚಿದ ದಿನವೂ ಯೇಸು ಮೊದಲು ಜನರನ್ನು ಹುಲ್ಲಿನ ಮೇಲೆ ನೂರರಂತೆ, ಐವತ್ತರಂತೆ ಪಂಕ್ತಿಯಾಗಿ ಕೂರಿಸಿದನೆಂದು ಮಾರ್ಕ ಬರೆದಿದ್ದಾನೆ. ಪವಾಡ ಆದದ್ದು ಆಮೇಲೆ. ಉಳಿದದ್ದನ್ನು ಬುಟ್ಟಿಗೆ ತುಂಬಿಸಿದ್ದೂ ಲೆಕ್ಕಕ್ಕೆ ಬಂದಿದೆ, ಹನ್ನೆರಡು.

ಕಾಣಿಕೆ ಎಣಿಸುವುದು

ಒಬ್ಬರೇ ಎಣಿಸಬೇಡಿ. ನಿಮ್ಮ ಮೇಲೆ ನಂಬಿಕೆಯಿಲ್ಲವೇ ಎಂದು ಮುಖ ಊದಿಸಿಕೊಳ್ಳಲೂ ಬೇಡಿ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಪೌಲನೇ ತೀತನ ಜೊತೆಗೆ ಮತ್ತಿಬ್ಬರನ್ನು ಸೇರಿಸಿದ. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯೆನಿಸಬೇಕೆಂಬುದು ಅವನು ಕೊಟ್ಟ ಕಾರಣ. ಹಣದ ಚೀಲ ಒಬ್ಬನ ಕೈಯಲ್ಲೇ ಇದ್ದ ಕಡೆ ಏನಾಯಿತೆಂದು ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯ ಹೇಳುತ್ತದೆ. ಆ ಖಜಾಂಚಿಯ ಹೆಸರು ಇಸ್ಕರಿಯೋತ ಯೂದ. ಸುಗ್ಗಿ ಹಬ್ಬದ ಏಲಂ ಬಾಕಿಯೂ ಇದೇ ಬಾಬಿನದು. ಕುಂಬಳಕಾಯಿಗೆ ಹುರುಪಿನಲ್ಲಿ ಐದು ಸಾವಿರ ಕೂಗಿ, ಚಪ್ಪಾಳೆ ಗಿಟ್ಟಿಸಿ, ಕಾಯಿ ಹೊತ್ತುಕೊಂಡು ಹೋದವರ ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆಯಬೇಡಿ.

ತುರ್ತು ಬಳಕೆ

ರಾತ್ರಿ ಹನ್ನೊಂದೂವರೆಗೆ ಫೋನು. ‘ಅಂಕಲ್, ಅಪ್ಪ ಹೋಗ್ಬಿಟ್ರು.’ ಸಭಾಪಾಲಕರು ಚಪ್ಪಲಿ ಮೆಟ್ಟಿ ಆ ಮನೆಗೆ ಹೊರಡುತ್ತಾರೆ. ನೀವು ಎದ್ದು ದೀಪ ಹಾಕಿ ಮೊದಲು ಸಮಾಧಿ ರಿಜಿಸ್ಟರು ತೆಗೆಯಿರಿ. ತೀರಿಹೋದವರ ಹೆಂಡತಿಯನ್ನು ಮಣ್ಣು ಮಾಡಿದ್ದು ಯಾವ ಸಾಲಿನಲ್ಲಿ, ಪಕ್ಕದಲ್ಲಿ ಜಾಗ ಇದೆಯೇ, ಬೇಲಿಯ ಕಡೆಯಿಂದ ಎಣಿಸಬೇಕೋ ಬಾವಿಯ ಕಡೆಯಿಂದಲೋ. ಹಿಂದಿನವರು ‘ಮಾವಿನ ಮರದ ಹತ್ತಿರ’ ಎಂದು ಬರೆದಿರುತ್ತಾರೆ, ಆ ಮರ ಕಡಿದು ಕಾಲವಾಗಿರುತ್ತದೆ. ಗುಂಡಿ ತೋಡುವವನನ್ನು ಬೆಳಗಿನ ಜಾವಕ್ಕೇ ಎಬ್ಬಿಸಬೇಕು. ಜುಲೈ ತಿಂಗಳಾದರೆ ತೋಡಿದ ಗುಂಡಿಗೆ ನೀರು ಇಳಿಯುತ್ತದೆ, ಎರಡು ಬಕೆಟ್ಟು, ಒಂದು ಟಾರ್ಪಾಲು ಬೇಕು. ಡಾಕ್ಟರ ಸರ್ಟಿಫಿಕೇಟು ಇಲ್ಲದೆ ಪೆಟ್ಟಿಗೆಯ ಮುಚ್ಚಳ ಹಾಕಿಸಬೇಡಿ. ದುಬೈಯ ಮಗಳು ಬರುವವರೆಗೆ ಫ್ರೀಜರ್ ಪೆಟ್ಟಿಗೆ, ಅದಕ್ಕೆ ಕರೆಂಟು, ಕರೆಂಟು ಹೋದರೆ ಜನರೇಟರು. ಆ ಮನೆಯ ಹುಡುಗ ಅಪ್ಪನ ಕೈ ಹಿಡಿದು ಕೂತಿರುತ್ತಾನೆ. ಅವನು ಎದ್ದು ಇದರಲ್ಲಿ ಒಂದಕ್ಕಾದರೂ ಓಡುವಂತಾದರೆ ನಿಮ್ಮ ಯಂತ್ರ ಕೆಟ್ಟಿದೆಯೆಂದೇ ಅರ್ಥ.

ಎಚ್ಚರಿಕೆ: ಈ ಹೊತ್ತಿನಲ್ಲಿ ಚಂದಾ ಪುಸ್ತಕ ತೆರೆಯಬಾರದು. ಸತ್ತವರು ಮೂರು ವರ್ಷದ ಚಂದಾ ಬಾಕಿ ಇಟ್ಟಿದ್ದಾರೆ, ಮೊದಲು ಅದು ಚುಕ್ತಾ ಆಗಲಿ ಎಂದು ಸ್ಮಶಾನದ ಗೇಟಿನಲ್ಲಿ ನಿಲ್ಲುವ ಪ್ರತಿಭೆಯೊಂದುಂಟು. ನಿಯಮಾವಳಿ ಅದಕ್ಕೆ ಎಷ್ಟೇ ಬೆಂಬಲ ಕೊಡಲಿ, ಕೊರಿಂಥದವರ ಪತ್ರದ ಪಟ್ಟಿಯಲ್ಲಿ ಅದು ಇಲ್ಲ.

ದೋಷಗಳು, ದುರಸ್ತಿ

ಯಂತ್ರ ಬಿಸಿಯೇರಿದರೆ: ಮೈಕ್ ಸೆಟ್ಟಿನಿಂದ ಮದುವೆಯ ಪ್ರಕಟಣೆಯವರೆಗೆ ಎಲ್ಲವನ್ನೂ ನಾನೇ ಮಾಡಬೇಕು ಎನಿಸತೊಡಗಿದರೆ ವಿಮೋಚನಕಾಂಡ 18 ಓದಿ. ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯ ತೀರಿಸುತ್ತ ಕೂತ ಮೋಶೆಗೆ ಮಾವ ಇತ್ರೋ ಬುದ್ಧಿ ಹೇಳಿದ: ಸಾವಿರ, ನೂರು, ಐವತ್ತು, ಹತ್ತು ಜನರಿಗೊಬ್ಬ ನಾಯಕನನ್ನು ಇಡು, ಇಲ್ಲವಾದರೆ ನೀನೂ ಸೋಲುತ್ತೀ, ಜನರೂ ಸೋಲುತ್ತಾರೆ. ಸಮುದ್ರ ದಾಟಿ ಬಂದವನು ಮಾವನ ಮಾತು ಕೇಳಿದ. ನೀವು ನಿಮ್ಮ ಸ್ತ್ರೀಯರ ಅನ್ಯೋನ್ಯ ಕೂಟದ ಮಾತನ್ನಾದರೂ ಕೇಳಿ. ಅಡುಗೆ, ಹೂವು, ರೋಗಿಗಳ ಭೇಟಿ ಎಲ್ಲ ಅವರು ಯಾವ ಸಭೆಯ ಠರಾವೂ ಇಲ್ಲದೆ ನಡೆಸುತ್ತಿದ್ದಾರೆ.

ಯಂತ್ರ ಹೆಪ್ಪುಗಟ್ಟಿದರೆ: ಕಾಯಿಲೆ ದೊಡ್ಡದು. ಲಕ್ಷಣಗಳು ಹೀಗಿರುತ್ತವೆ. ಬೀಗದ ಕೈ ಕೊಡುವಾಗ ಕೈ ನಡುಗುತ್ತದೆ, ‘ನನ್ನ ಅವಧಿಯಲ್ಲಿ’ ಎಂಬ ಮಾತು ಹೆಚ್ಚಾಗುತ್ತದೆ, ಚುನಾವಣೆ ಹತ್ತಿರವಾದಂತೆ ಆರಾಧನೆಗೆ ಬಾರದವರ ಮನೆಗೂ ಕೇಕ್ ಹೋಗುತ್ತದೆ. ಕಡೆಗೆ ಸಭೆಯ ಆಸ್ತಿ ಕೋರ್ಟಿನ ಕಟ್ಟೆ ಹತ್ತುತ್ತದೆ. ವರಗಳ ಪಟ್ಟಿ ಇರುವ ಅದೇ ಪತ್ರದ ಆರನೆಯ ಅಧ್ಯಾಯದಲ್ಲಿ, ಸಹೋದರರ ಮೇಲೆ ವ್ಯಾಜ್ಯ ಹೂಡುವವರನ್ನು ಪೌಲ ತರಾಟೆಗೆ ತೆಗೆದುಕೊಂಡಿದ್ದಾನೆ. ನಮ್ಮ ಬೈಬಲ್ಲುಗಳಲ್ಲಿ ಆ ಎರಡು ಹಾಳೆ ಅಂಟಿಕೊಂಡಿರಬೇಕು. ಈ ದೋಷಕ್ಕೆ ದುರಸ್ತಿ ಇಲ್ಲ, ಬದಲಿ ವ್ಯವಸ್ಥೆ ಮಾತ್ರ.

ಹಸ್ತಾಂತರ

ಅವಧಿ ಮುಗಿದ ದಿನವೇ ರಿಜಿಸ್ಟರುಗಳನ್ನು ಕೊಟ್ಟುಬಿಡಿ. ಪ್ರತಿ ಬೀಗದ ಕೈಗೂ ಒಂದು ಚೀಟಿ ಕಟ್ಟಿ. ಗುಂಡಿ ತೋಡುವವನ ನಂಬರನ್ನು ನಿಮ್ಮ ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಪುಸ್ತಕದಲ್ಲಿ ಬರೆಯಿರಿ. ಹೊಸಬರು ಕೇಳುವವರೆಗೆ ಸಲಹೆ ಕೊಡಬೇಡಿ.

ದೂರುಗಳು

ಎಲ್ಲ ದೂರುಗಳನ್ನು ಬರಹದಲ್ಲಿ, ಸಹಿಯೊಂದಿಗೆ, ಸಮಿತಿಗೆ ಸಲ್ಲಿಸಬೇಕು. ಆರಾಧನೆ ಮುಗಿದ ಮೇಲೆ ಗೇಟಿನ ಬಳಿ, ಸ್ಕೂಟರಿನ ಮೇಲೆ ಕೂತು ಹೇಳಿದ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ. ಕಾರ್ಯದರ್ಶಿ ಭಾನುವಾರ ಹನ್ನೊಂದರಿಂದ ಒಂದು ಗಂಟೆಯವರೆಗೆ ಗೇಟಿನ ಬಳಿ ನಿಂತಿರುತ್ತಾರೆ.