ಅರವತ್ತಕ್ಕೆ ಆರು

ಪರೀಕ್ಷೆ ಯಾವುದೇ ಇರಲಿ, ಪಾಸಾಗಲೇಬೇಕೆಂಬುದು ನಮ್ಮ ಸೋದರಮಾವನ ಹಟ. ಕಣ್ಣಿನ ಡಾಕ್ಟರ ಕೋಣೆಯ ಹೊರಗೆ ಕೂತು, ಒಳಗಿನವರು ಓದುತ್ತಿದ್ದ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಸರದಿ ಬಂದಿದ್ದೇ ತಡ, ಕುರ್ಚಿಯಲ್ಲಿ ಕೂತು ಮಗ್ಗಿ ಒಪ್ಪಿಸಿದಂತೆ "ಪ, ಗ, ರ, ಠ..." ಎಂದು ಕೊನೇ ಸಾಲಿನವರೆಗೂ ಒಪ್ಪಿಸಿದರು.

"ಯಜಮಾನ್ರೇ, ಚಾರ್ಟಿನ ದೀಪ ಇನ್ನೂ ಹಾಕಿಲ್ಲ," ಅಂದರು ಡಾಕ್ಟರು.

ಈ ಚಾರ್ಟಿನ ಮೂಲಪುರುಷ ನೆದರ್ಲೆಂಡ್ಸಿನ ಉಟ್ರೆಕ್ಟ್ ಊರಿನ ಹರ್ಮನ್ ಸ್ನೆಲೆನ್. 1862ರಲ್ಲಿ ಅವನು ಹಾಕಿದ ಲೆಕ್ಕ ಬಲು ಬಿಗಿ. 6 ಮೀಟರು ದೂರದಿಂದ ಓದಬೇಕಾದ ಸಣ್ಣ ಅಕ್ಷರದ ಎತ್ತರ 9 ಮಿಲಿಮೀಟರಿಗೂ ತುಸು ಕಡಿಮೆ; ಗೆರೆಯ ದಪ್ಪ ಅದರ ಐದರಲ್ಲೊಂದು ಪಾಲು. ಅಷ್ಟನ್ನು ಬಿಡಿಸಿ ನೋಡಿದರೆ 6/6. ಕೋಣೆ ಚಿಕ್ಕದಾದರೆ 3 ಮೀಟರಿಗೊಂದು ಕನ್ನಡಿ ನಿಲ್ಲಿಸಿ ದೂರವನ್ನು ಇಮ್ಮಡಿ ಮಾಡಿಕೊಳ್ಳುತ್ತಾರೆ. ಪಾಪ, ಸ್ನೆಲೆನ್ನನಿಗೆ ನಮ್ಮ ದುಂಡಕ್ಷರಗಳ ಕಾಟ ಗೊತ್ತಿರಲಿಲ್ಲ. 'ರ'ದ ಹೊಟ್ಟೆಯೊಳಗೆ ಒಂದು ಚುಕ್ಕೆ ಕಂಡಿತೋ ಇಲ್ಲವೋ ಅನ್ನುವುದರ ಮೇಲೆ ಮನೆತನದ ಮಾನ ನಿಂತಿರುತ್ತದೆ.

ದೀಪ ಹಾಕಿದ ಮೇಲೆ ಮಾವನಿಗೆ ಕಂಡದ್ದು ಮೇಲ್ತುದಿಯ ದಪ್ಪಕ್ಷರ ಒಂದೇ. ಆಮೇಲೆ ಒಂದು ಯಂತ್ರದೊಳಗೆ ಇಣುಕಿಸಿದರು. ಉದ್ದನೆಯ ರಸ್ತೆಯ ಕೊನೆಗೊಂದು ಬಲೂನು. ದೂರ ನೋಡುವಾಗ ಕಣ್ಣೊಳಗಿನ ಮಸೂರವನ್ನು ಹೊಂದಿಸುವ ಸ್ನಾಯು ಬಿಗಿತ ಬಿಟ್ಟು ವಿಶ್ರಾಂತಿಯಲ್ಲಿರುತ್ತದೆ. ಆ ಹೊತ್ತಿಗೆ ಯಂತ್ರ ಪವರಿನ ಅಂದಾಜು ತೆಗೆಯುತ್ತದೆ. ಮಾವನ ತಲೆಬಿಸಿಯೇ ಬೇರೆ: "ಅದು ಯಾವೂರ ರಸ್ತೆ?"

ಇಷ್ಟಾದರೂ ಕೊನೆಯ ಮಾತು ಯಂತ್ರದ್ದಲ್ಲ. ಮೂಗಿನ ಮೇಲೆ ಭಾರದ ಫ್ರೇಮು ಕೂರಿಸಿ, ಗಾಜು ಬದಲಿಸುತ್ತಾ ಡಾಕ್ಟರು ಕೇಳುತ್ತಾರೆ: "ಇದು ವಾಸಿಯೋ, ಮೊದಲಿನದು ವಾಸಿಯೋ?" ರೆಟಿನಾದ ಮೇಲೆ ತಲೆಕೆಳಗಾಗಿ ಬಿದ್ದ ಬಿಂಬವನ್ನು ಮೆದುಳು ಹೇಗೆ ಓದಿಕೊಂಡಿತು ಅನ್ನುವುದಕ್ಕೆ ಸಾಕ್ಷಿ ಹೇಳಬೇಕಾದವರು ನಾವೇ. ಮಾವ ಮರ್ಯಾದಸ್ಥರು. "ನಿಮಗೆ ಯಾವುದು ಸರಿ ಅನ್ನಿಸುತ್ತೋ ಅದನ್ನೇ ಹಾಕಿ ಡಾಕ್ಟ್ರೇ," ಅಂದರು.

ಕನ್ನಡಕವಿಲ್ಲದ ಕಣ್ಣಿಗೆ ಚೀಟಿಯಲ್ಲಿ ಬರೆದದ್ದು 6/60. ಉಳಿದವರು 60 ಮೀಟರಿನಿಂದ ಓದುವುದನ್ನು ಇವರು 6 ಮೀಟರಿಗೆ ಬಂದು ಓದಬೇಕು ಎಂದರ್ಥ. ಮಾವ ಮಾತ್ರ ಮನೆಯಲ್ಲಿ ಅತ್ತೆಯ ಮುಂದೆ ಚೀಟಿ ಬೀಸುತ್ತಾ, "ನಿನ್ನದು ಬರೀ ಆರಕ್ಕೆ ಆರು. ನನ್ನದು ನೋಡು, ಅರವತ್ತು!" ಎಂದರು.

ಅತ್ತೆ ಚೀಟಿ ಇಸಿದುಕೊಂಡು ನೋಡಿ, "ಅರವತ್ತಕ್ಕೆ ಆರು ಬಂದಿದೆ. ಫೇಲು," ಎಂದು ವಾಪಸು ಕೊಟ್ಟರು.